ಒಪ್ಪಿಸಬೇಕಾದ ಪಾಠ

ಚರ್ಚಿನ ಸ್ವಯಂಸೇವಕಿಯಾಗಿ ಒಂದು ವರ್ಷ ಜರ್ಮನಿಗೆ ಹೊರಟಿದ್ದೇನೆಂದು ದಿಲ್ಲಿಯಿಂದ ಫೋನ್ ಮಾಡಿ ಹೇಳಿದಾಗ ಬೆಟಗೇರಿಯ ನಮ್ಮಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅವ್ರ ಹೇಳಿಕೊಟ್ಟ ಪಾಠಾ ಅವ್ರಿಗೇ ಒಪ್ಪಸಾಕ ಹೊಂಟೀ ಏನ ಯವ್ವಾ?" ಅಂದಳು.

ಅಜ್ಜಿಯ ಮಾತಿನಲ್ಲಿ ಇತಿಹಾಸವಿತ್ತು. ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1841ರಲ್ಲಿ ನಮ್ಮ ಬೆಟಗೇರಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರತಂದ ಮೋಗ್ಲಿಂಗ್ ನಾನು ಹೊರಟಿದ್ದ ಕಡೆಯವನೇ. 1894ರಲ್ಲಿ ಕನ್ನಡ ನಿಘಂಟು ಅಚ್ಚಾಗುವ ಹೊತ್ತಿಗೆ ಅದನ್ನು ಕಟ್ಟಿದ ಕಿಟೆಲ್ ಮುದುಕನಾಗಿದ್ದ. ನಮ್ಮೂರಲ್ಲಿ ಇವತ್ತಿಗೂ ಜ್ವರ ಬಂದವರನ್ನು 'ಜರ್ಮನ್ ದವಾಖಾನಿ'ಗೆ ಕರೆದೊಯ್ಯುತ್ತಾರೆ, ಅಲ್ಲಿ ಜರ್ಮನರ ಸುಳಿವಿಲ್ಲದಿದ್ದರೂ. ಇಷ್ಟೆಲ್ಲ ಪಡೆದವರ ಮೊಮ್ಮಗಳು ನಾನು. ಸ್ಟುಟ್‌ಗಾರ್ಟಿನಲ್ಲಿ ಕಚೇರಿಯಿರುವ ಇಎಮ್ಎಸ್ ಎಂಬ ಕ್ರೈಸ್ತ ಸಭೆಗಳ ಒಕ್ಕೂಟ ಅಲ್ಲಿಯ ಹುಡುಗರನ್ನು ಇಲ್ಲಿಗೆ ಕಳಿಸುವ ಹಾಗೆ ಇಲ್ಲಿಯವರನ್ನೂ ಅಲ್ಲಿಗೆ ಕರೆಸಿಕೊಳ್ಳುತ್ತದೆ. ವಿಶ್ವಾಸದ ಗಂಗೋತ್ರಿಯನ್ನೇ ನೋಡಿ ಬರುತ್ತೇನೆಂಬ ಹುಮ್ಮಸ್ಸಿನಲ್ಲಿ ಸ್ವೆಟರು, ಚಟ್ನಿಪುಡಿ, ಕನ್ನಡ ಬೈಬಲು ತುಂಬಿಕೊಂಡು ವಿಮಾನ ಹತ್ತಿದೆ.

ಗಂಗೋತ್ರಿಯಲ್ಲಿ ನೀರು ಕಡಿಮೆಯಿತ್ತು. ಭಾನುವಾರ ಬೆಳಿಗ್ಗೆ ಸ್ಟುಟ್‌ಗಾರ್ಟಿನ ದೊಡ್ಡ ಕಲ್ಲಿನ ಚರ್ಚಿನಲ್ಲಿ ಬೆರಳೆಣಿಕೆಯ ಬಿಳಿತಲೆಗಳು, ಅವುಗಳ ನಡುವೆ ನನ್ನ ಎಣ್ಣೆ ಹಚ್ಚಿದ ಕರಿತಲೆ. ಆರ್ಗನ್ ಮಾತ್ರ ಸಾವಿರ ಜನಕ್ಕಾಗುವಷ್ಟು ಜೋರಾಗಿ ನುಡಿಯುತ್ತಿತ್ತು. ಅದು ನುಡಿಸಿದ ಮೊದಲ ರಾಗ ಕೇಳಿ ನಾನು ಬೆಚ್ಚಿಬಿದ್ದೆ, ಅದು ಬೆಟಗೇರಿಯದು! ನಮ್ಮಜ್ಜಿ ರೊಟ್ಟಿ ಬಡಿಯುತ್ತ ಹಾಡುವ ರಾಗ. ಅವಳು ಅದನ್ನು ಅಪ್ಪಟ ಗದುಗಿನ ಧಾಟಿಗೆ ಇಳಿಸಿಬಿಟ್ಟಿದ್ದರಿಂದ, ಇವರೇ ತಪ್ಪು ಹಾಡುತ್ತಿದ್ದಾರೆ ಅನ್ನಿಸಿತು.

ಆ ದೇಶದಲ್ಲಿ ದೇವರಿಗೂ ಕಾಗದಪತ್ರವಿದೆ. ಸಭೆಯ ಸದಸ್ಯರಿಂದ ಸರ್ಕಾರವೇ ಚರ್ಚ್ ತೆರಿಗೆ ವಸೂಲಿ ಮಾಡಿಕೊಡುತ್ತದೆ. ನಾನಿದ್ದ ರಾಜ್ಯದಲ್ಲಿ ಅದು ಆದಾಯ ತೆರಿಗೆಯ ಮೇಲೆ ನೂರಕ್ಕೆ 8. ಬೇಡವೆಂದರೆ ಜನನ ಮರಣ ನೋಂದಾಯಿಸುವ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಸಹಿ ಹಾಕಿ ಸಭೆ ಬಿಡಬಹುದು. ವರ್ಷವರ್ಷವೂ ಲಕ್ಷಗಟ್ಟಲೆ ಜನ ಬಿಡುತ್ತಿದ್ದಾರೆ. ಕೆಥೋಲಿಕ್, ಪ್ರೊಟೆಸ್ಟಂಟ್ ಎರಡೂ ಸಭೆಗಳ ಸದಸ್ಯರನ್ನು ಕೂಡಿಸಿದರೂ 2021ರ ಕೊನೆಯ ಹೊತ್ತಿಗೆ ಅವರ ಸಂಖ್ಯೆ ದೇಶದ ಅರ್ಧಕ್ಕಿಂತ ಕೆಳಗಿಳಿಯಿತು. ನನ್ನ ವಯಸ್ಸಿನವರಿಗೆ ನಾನು ಚರ್ಚಿಗೆ ಹೋಗುತ್ತೇನೆಂದರೆ, ಕೈಬರಹದ ಪತ್ರ ಬರೆಯುವವರನ್ನು ಕಂಡಷ್ಟು ಅಚ್ಚರಿ, ಅಷ್ಟೇ ಗೌರವ. ಯಾರೂ ವಾದಿಸಲಿಲ್ಲ, ಯಾರೂ ಗೇಲಿ ಮಾಡಲಿಲ್ಲ. ಹಾಗೆ ಗೌರವಿಸಿ ಸುಮ್ಮನೆ ಬಿಟ್ಟುಬಿಟ್ಟರೆ ವಿಶ್ವಾಸಕ್ಕೆ ಒಂದು ಥರ ಜೋಮು ಹಿಡಿಯುತ್ತದೆ.

ನನ್ನ ಕೆಲಸವಿದ್ದದ್ದು ವೃದ್ಧಾಶ್ರಮದಲ್ಲಿ. ಸೂಪು ಕುಡಿಸುವುದು, ಗಾಲಿಕುರ್ಚಿ ತಳ್ಳುವುದು, ಅರ್ಥವಾಗದ ಕಥೆಗಳಿಗೆ ಹೂಂಗುಟ್ಟುವುದು. ಅಲ್ಲೊಬ್ಬ ಅಜ್ಜಿ, ತೊಂಬತ್ತರ ಅಂಚು. ನಾನು ಭಾರತದವಳೆಂದು ತಿಳಿದ ದಿನ ತನ್ನ ಬಾಲ್ಯದ ಸಂಡೇ ಸ್ಕೂಲಿನ ಕಾಣಿಕೆ ಡಬ್ಬಿಯ ಕಥೆ ಹೇಳಿದಳು. ಡಬ್ಬಿಯ ಮೇಲೆ ಕೈಮುಗಿದು ಮಂಡಿಯೂರಿದ ಕಪ್ಪು ಮಗುವಿನ ಗೊಂಬೆ. ಕಾಸು ಹಾಕಿದರೆ ಅದು ಕೃತಜ್ಞತೆಯಿಂದ ತಲೆಯಾಡಿಸುತ್ತಿತ್ತಂತೆ. ಆ ತಲೆ ಆಡುವುದನ್ನು ನೋಡಲೆಂದೇ ಇವಳು ಮಿಠಾಯಿಯ ಕಾಸನ್ನೂ ಹಾಕುತ್ತಿದ್ದಳಂತೆ. ಕತೆ ಮುಗಿಸಿ, "ನನ್ನ ಕಾಸು ನಿಮಗೆ ಮುಟ್ಟಿತೇ?" ಎಂದು ಕೇಳಿದಳು. ಹೌದೋ ಅಲ್ಲವೋ ಗೊತ್ತಾಗದ ನಮ್ಮ ಪದ್ಧತಿಯಂತೆ ನಾನು ತಲೆಯನ್ನು ಅತ್ತಿತ್ತ ಆಡಿಸಿದೆ. ಅಜ್ಜಿ ಚಪ್ಪಾಳೆ ತಟ್ಟಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು: "ಅದೇ! ಥೇಟ್ ಹಾಗೇ ಆಡಿಸುತ್ತಿತ್ತು!"

ಸಿಟ್ಟು ಬರಬೇಕಿತ್ತು. ದಿಲ್ಲಿಯ ನನ್ನ ಗೆಳತಿಯರಿಗೆ ಹೇಳಿದಾಗ ಅವರಿಗೆ ಬಂತು ಕೂಡ. ನನಗೆ ಮಾತ್ರ ಯಾಕೋ ಆ ಮಿಠಾಯಿಯ ಕಾಸಿನ ಮೇಲೇ ಮನಸ್ಸು ನಿಂತಿತು. ಬಾಸೆಲ್ಲಿನವರು 1855ರಿಂದ ಮನೆಮನೆಯಿಂದ ವಾರಕ್ಕೆ ಅರ್ಧ ಬಾಟ್ಸೆನ್ ಎಂಬ ಚಿಲ್ಲರೆ ನಾಣ್ಯ ಕೂಡಿಸಿ ಮಿಶನ್ ನಡೆಸಿದವರು. ಗೊಂಬೆಯ ಅವಮಾನ, ಮಗುವಿನ ತ್ಯಾಗ ಎರಡೂ ಒಂದೇ ಡಬ್ಬಿಯೊಳಗೆ ಬಿದ್ದಿವೆ. ಬೇರೆ ಮಾಡಲು ನನ್ನಿಂದಾಗದು. ಆಮೇಲೆ ದಿನಾ ಸಂಜೆ ಅವಳಿಗಾಗಿ ಬೇಕೆಂದೇ ತಲೆಯಾಡಿಸುತ್ತಿದ್ದೆ.

ವರ್ಷ ಮುಗಿಸಿ ದಿಲ್ಲಿಗೆ ಬಂದರೆ ಇಲ್ಲಿ ತದ್ವಿರುದ್ಧ. ಲಕ್ಷ್ಮಿನಗರದಲ್ಲಿ ಮಾಳಿಗೆಯ ಮೇಲಿನ ನನ್ನ ಬರಸಾತಿ ಕೋಣೆಯ ಮಾಲಕಿ ಆಂಟೀಜಿಗೆ ಯಾರನ್ನೂ ಗೌರವಿಸಿ ಸುಮ್ಮನೆ ಬಿಡುವ ಅಭ್ಯಾಸವಿಲ್ಲ. "ಬೇಟಾ, ಕ್ರಿಶ್ಚಿಯನ್ ಅಂದರೆ ಕೇರಳ ತಾನೇ?" ಕರ್ನಾಟಕ ಎಂದರೆ, "ಅದೇ, ಮದ್ರಾಸ್ ಸೈಡ್." ವಿದೇಶದಲ್ಲಿ ಚರ್ಚಿನ ಕೆಲಸವೆಂದರೆ ಸಂಬಳ ಎಷ್ಟು? ಪಾಕೆಟ್ ಮನಿ ಮಾತ್ರವೇ? ಹಾಗಾದರೆ ಯಾಕೆ ಹೋದೆ? ಪ್ರಶ್ನೆ ಕೇಳುತ್ತಲೇ ಅಷ್ಟಮಿಯ ಹಲ್ವಾ, ಪೂರಿ, ಕಡಲೆಯ ತಟ್ಟೆ ನನ್ನ ಕೈಗಿಟ್ಟಿರುತ್ತಾಳೆ. ಸ್ಟುಟ್‌ಗಾರ್ಟಿನಲ್ಲಿ ಕ್ರಿಸ್‌ಮಸ್ ಹಿಂದಿನ ಸಂಜೆ ಮಾತ್ರ ಚರ್ಚು ತುಂಬುತ್ತದೆ, ಬರುವವರು ವರ್ಷಕ್ಕೊಮ್ಮೆಯ ಕ್ರೈಸ್ತರು. ದಿಲ್ಲಿಯ ಗೋಲ್ ಡಾಕ್‌ಖಾನಾ ಬಳಿಯ ಸೇಕ್ರೆಡ್ ಹಾರ್ಟ್ ಕೆಥೆಡ್ರಲ್ಲಿಗೆ ಡಿಸೆಂಬರ್ 25ಕ್ಕೆ ನುಗ್ಗುವವರು ವರ್ಷಕ್ಕೊಮ್ಮೆ ಕ್ರಿಸ್‌ಮಸ್ ಮಾಡುವ ಹಿಂದೂಗಳು. ಕೆಂಪು ಟೋಪಿ ತೊಟ್ಟ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು, ಮೇಣದಬತ್ತಿ ಹಚ್ಚಿ, ಸೆಲ್ಫಿ ತೆಗೆದು ಹೋಗುತ್ತಾರೆ. ನಮ್ಮಂಥವರಿಗೆ ಗೇಟಿನೊಳಗೂ ಜಾಗವಿರುವುದಿಲ್ಲ.

ಈಚೆಗೆ ಆಂಟೀಜಿಗೆ ಮೊಣಕಾಲಿನ ಆಪರೇಷನ್ ನಿಕ್ಕಿಯಾಯಿತು. ಕನಾಟ್ ಪ್ಲೇಸಿನ ಹನುಮಾನ್ ಮಂದಿರ, ಅಲ್ಲಿಂದ ಬಂಗ್ಲಾ ಸಾಹಿಬ್ ಗುರುದ್ವಾರ, ಎರಡನ್ನೂ ಒಂದೇ ಆಟೋದಲ್ಲಿ ಮುಗಿಸಿಬಂದಳು. ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು: "ಬೇಟಾ, ನಿನ್ನ ಯೇಸೂಜಿಗೂ ಒಂದು ಮಾತು ಹೇಳಿಬಿಡು. ಗುರುವಾರ ಹನ್ನೊಂದು ಗಂಟೆಗೆ. ಎಡಗಾಲು, ಮರೀಬೇಡ."

ನನ್ನ ವಿಶ್ವಾಸಕ್ಕೆ ಯಾರಾದರೂ ಕೆಲಸ ಕೊಟ್ಟು ಬಹಳ ಕಾಲವಾಗಿತ್ತು. ಭಾನುವಾರ ಕಾಶ್ಮೀರಿ ಗೇಟಿನ ಸೇಂಟ್ ಜೇಮ್ಸ್ ಚರ್ಚಿಗೆ ಹೋದೆ. ಹರಕೆ ಹೊರುವುದು ನಮ್ಮ ಪದ್ಧತಿಯಲ್ಲ ಎಂದು ಬೆಟಗೇರಿಯ ಅಯ್ಯನವರು ನಮಗೆ ಕಲಿಸಿದ್ದರು. ಆದರೆ ಈ ಚರ್ಚೇ ಒಂದು ಹರಕೆ. ರಣರಂಗದಲ್ಲಿ ಗಾಯಗೊಂಡು ಬಿದ್ದಿದ್ದ ಜೇಮ್ಸ್ ಸ್ಕಿನ್ನರ್, ಬದುಕಿದರೆ ದೇವಾಲಯ ಕಟ್ಟಿಸುತ್ತೇನೆಂದು ಹೊತ್ತು, ಬದುಕಿ ಕಟ್ಟಿಸಿದ್ದು. 1836ರಲ್ಲಿ ಪ್ರತಿಷ್ಠೆಯಾಯಿತು, ಅತ್ತ ಮೋಗ್ಲಿಂಗ್ ಮಂಗಳೂರಿಗೆ ಬಂದ ವರ್ಷವೇ. ಸ್ಕಿನ್ನರನ ಸಮಾಧಿಯೂ ಒಳಗೇ ಇದೆ. ಹಿಂದಿಯಲ್ಲಿ ಬೇಡಿದರೆ ಆಂಟೀಜಿಯದೇ ಮಾತು ಒಪ್ಪಿಸಿದಂತಾಗುತ್ತಿತ್ತು, ಇಂಗ್ಲಿಷಿನಲ್ಲಿ ಅರ್ಜಿಯಾಗುತ್ತಿತ್ತು. ಅಜ್ಜಿಯ ಕನ್ನಡದಲ್ಲೇ ಬೇಡಿದೆ. ಎಡಗಾಲು ಎಂದು ಎರಡು ಸಲ ಹೇಳಿದೆ.

ಆಪರೇಷನ್ ಚೆನ್ನಾಗಿ ಆಯಿತು. ಆಂಟೀಜಿ ಶ್ರೇಯಸ್ಸನ್ನು ಹನುಮಂತನಿಗೆ, ಗುರುಗಳಿಗೆ, ಡಾಕ್ಟರಿಗೆ ಹಂಚಿದ ಮೇಲೆ ನಾಲ್ಕನೆಯದಾಗಿ ಯೇಸೂಜಿಯ ಹೆಸರೂ ಬಂತು. ನನಗೆ ಸಾಕು.

ನೀವೂ ದಿಲ್ಲಿಗೆ ಬಂದಾಗ ಚರ್ಚು ನೋಡಬೇಕೆನಿಸಿದರೆ ಬನ್ನಿ. ಡಿಸೆಂಬರ್ 25 ಮಾತ್ರ ಬೇಡ, ನೂಕುನುಗ್ಗಲು. ಯಾವುದಾದರೊಂದು ಸಾದಾ ಭಾನುವಾರ ಕಾಶ್ಮೀರಿ ಗೇಟಿನಲ್ಲಿ ಮೆಟ್ರೋ ಇಳಿಯಿರಿ. ಒಳಗೆ ಧಾರಾಳ ಜಾಗವಿರುತ್ತದೆ.