ಹಳೇ ಕಾರು, ಬಾಯಿಮಾತಿನ ಗ್ಯಾರಂಟಿ

ಕೂಡ್ಲಿಗಿಯ ಹೆದ್ದಾರಿ ಬದಿಯಿರಲಿ, ಹೂವಿನ ಹಡಗಲಿಯ ಪೇಟೆಯಿರಲಿ, ಹಿಂದಿನ ಗಾಜಿಗೆ 'ಮಾರಾಟಕ್ಕಿದೆ' ಎಂಬ ಚೀಟಿ ಅಂಟಿಸಿಕೊಂಡು ನಿಂತ ಕಾರುಗಳನ್ನು ನೀವೂ ನೋಡಿರುತ್ತೀರಿ. ಹೊಸಪೇಟೆಯ ಕೆಎ 35, ಬಳ್ಳಾರಿಯ ಕೆಎ 34 ಅಲ್ಲದೆ ದಾವಣಗೆರೆಯ ಕೆಎ 17 ಕೂಡ ಕಾಣುತ್ತವೆ. ಹರಪನಹಳ್ಳಿ ತಾಲ್ಲೂಕು 1997ರಿಂದ ಎರಡು ದಶಕ ದಾವಣಗೆರೆ ಜಿಲ್ಲೆಯಲ್ಲಿತ್ತಲ್ಲ! ಹೊಸ ಕಾರು ಕೊಳ್ಳುವಷ್ಟು ಅನುಕೂಲ ಇಲ್ಲದ ಸಂಸಾರಕ್ಕೆ ಹಳೇ ಕಾರೇ ಆಸರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಕೊಂಡ ತಿಂಗಳೊಳಗೆ ಅದು ಕೆಟ್ಟು ಕೂತರೆ ರಿಪೇರಿ ಖರ್ಚು ಯಾರದು?

ನಮ್ಮ ಅಪ್ಪನ ಕಾಲದಲ್ಲಿ ಎತ್ತು ಕೊಳ್ಳುವಾಗಲೂ ಇದೇ ಪ್ರಶ್ನೆ ಇತ್ತು. ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ಬಂಡಿಗೆ ಕಟ್ಟಿ ಹೊಡೆದು ನೋಡುತ್ತಿದ್ದರು. ಅಷ್ಟಕ್ಕೇ ಬಿಡುತ್ತಿರಲಿಲ್ಲ. 'ಹಾಯ್ತದೇನು? ನೊಗ ಹೊತ್ತಾಗ ಮಲಗ್ತದೇನು?' ಎಂದು ಮಾರುವವನನ್ನು ನಾಲ್ಕು ಜನರ ಎದುರಿಗೇ ಕೇಳುತ್ತಿದ್ದರು. ಮುಂದೆ ಜಗಳ ಬಂದರೆ ಆ ನಾಲ್ಕು ಜನವೇ ಸಾಕ್ಷಿ. ಕಾರಿನ ಹಲ್ಲು ಬಾನೆಟ್ಟಿನೊಳಗೆ ಇರುತ್ತದೆ. ನಮಗೆ ಕಾಣುವುದು ಹೊಳೆಯುವ ಬಣ್ಣ ಮಾತ್ರ.

ಹರಪನಹಳ್ಳಿಯಲ್ಲಿರುವ ನನ್ನ ತಂಗಿಗೆ ಕಿಡ್ನಿ ತೊಂದರೆ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ದಾವಣಗೆರೆಗೆ ಹೋಗಬೇಕು. ಅಮ್ಮನನ್ನು ಬಸ್ಸಿನಲ್ಲಿ ಕರೆದೊಯ್ಯಲಾರದೆ ಅವಳ ಮಗ ದೊಡ್ಡ ಊರೊಂದರ ವ್ಯಾಪಾರಿಯ ಹತ್ತಿರ ಒಂಬತ್ತು ವರ್ಷದ ಹಳೇ ಡೀಸೆಲ್ ಕಾರೊಂದನ್ನು 3,10,000 ರೂಪಾಯಿಗೆ ಕೊಂಡ. ಕೂಡಿಟ್ಟ ದುಡ್ಡೆಲ್ಲ ಅದಕ್ಕೇ ಹೋಯಿತು. 'ಆರು ತಿಂಗಳು ಇಂಜಿನ್ ಗ್ಯಾರಂಟಿ ಐತ್ರಿ, ಚಿಂತಿ ಮಾಡಬ್ಯಾಡ್ರಿ' ಎಂದಿದ್ದರಂತೆ. ಹತ್ತೊಂಬತ್ತನೆಯ ದಿನ, ಡಯಾಲಿಸಿಸ್‌ಗೆ ಹೋಗುವಾಗಲೇ, ನಡುದಾರಿಯಲ್ಲಿ ಗೇರ್ ಬೀಳದಾಯಿತು. ಮೆಕ್ಯಾನಿಕ್ ಗೇರ್‌ಬಾಕ್ಸ್ ಬಿಚ್ಚಿ 38,000 ರೂಪಾಯಿ ಆಗುತ್ತದೆ ಎಂದ. ವ್ಯಾಪಾರಿಗೆ ಫೋನ್ ಮಾಡಿದರೆ ಬಂದ ಉತ್ತರ: 'ನಾವು ಹೇಳಿದ್ದು ಇಂಜಿನ್‌ಗೆ ರೀ. ಗೇರ್‌ಬಾಕ್ಸ್ ಇಂಜಿನ್ ಅಲ್ಲಲ್ಲ!'

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎನ್ನುವುದು ಇದಕ್ಕೇ. ಕಾರು ಗ್ಯಾರೇಜಿನಲ್ಲಿದ್ದ ಇಪ್ಪತ್ತೆರಡು ದಿನವೂ ನನ್ನ ತಂಗಿ ಬಸ್ಸಿನಲ್ಲೇ ಓಡಾಡಿದಳು. ಸೀಟು ಸಿಗದ ದಿನ ಕಂಬ ಹಿಡಿದು ನಿಂತೇ ಹೋದಳು.

ಅಳಿಯ ಕಾಗದಗಳನ್ನೆಲ್ಲ ನನ್ನ ಮುಂದೆ ತಂದಿಟ್ಟ. 'ವಾಹನವನ್ನು ಇದ್ದ ಸ್ಥಿತಿಯಲ್ಲಿಯೇ ನೋಡಿ, ಒಪ್ಪಿ ಪಡೆದಿದ್ದೇನೆ' ಎಂಬ ಸಾಲಿನ ಕೆಳಗೆ ಅವನ ಸಹಿ ಇತ್ತು. ಅದು ವ್ಯಾಪಾರಿಯ ಕಡೆಗೆ ವಾಲುವ ಸಾಲು. ಆದರೆ ಅವನ ಮೊಬೈಲಿನಲ್ಲಿ ವ್ಯಾಪಾರಿ ಕಳಿಸಿದ್ದ ಸಂದೇಶವೂ ಇತ್ತು: 'ಇಂಜಿನ್, ಗೇರ್‌ಬಾಕ್ಸ್ ಎರಡೂ ಸೂಪರ್ ಕಂಡೀಷನ್. 6 ತಿಂಗಳು ವಾರಂಟಿ.' ಆ ಸಂದೇಶವನ್ನೂ ಮೆಕ್ಯಾನಿಕ್ ಬಿಲ್ಲನ್ನೂ ಲಗತ್ತಿಸಿ, ಗ್ರಾಹಕ ಆಯೋಗಕ್ಕೆ ಹೋಗುವುದಾಗಿ ತಿಳಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿದೆವು. ಎಳೆದಾಡಿ ಎಳೆದಾಡಿ ಕೊನೆಗೆ ಅರ್ಧ, ಅಂದರೆ 19,000 ರೂಪಾಯಿ, ಕೈಸೇರಿತು. ಅದನ್ನು ತಂದುಕೊಟ್ಟದ್ದು ಬಾಯಿಮಾತಲ್ಲ, ಬರಹ.

ನಾನು ಬಿ.ಕಾಂ. ಓದುವಾಗ 1930ರ ಸರಕು ಮಾರಾಟ ಕಾಯ್ದೆ ಪಾಠವಿತ್ತು. ಕೊಳ್ಳುವವನೇ ಎಚ್ಚರವಾಗಿರಬೇಕು ಎಂಬುದು ಅದರ ಮೂಲ ಸೂತ್ರ. ಅದೇ ವಸ್ತುವಿನ ವ್ಯಾಪಾರ ಮಾಡುವವನಿಗೆ ಮಾತ್ರ ಜವಾಬ್ದಾರಿ ಹೆಚ್ಚು: ಮಾರಿದ ವಸ್ತು ಬಳಕೆಗೆ ತಕ್ಕ ಗುಣಮಟ್ಟದ್ದಾಗಿರಬೇಕು. ಹಾಗಿದ್ದರೂ ಪರೀಕ್ಷಿಸಿದಾಗ ಕಣ್ಣಿಗೆ ಬೀಳಬೇಕಾಗಿದ್ದ ದೋಷಕ್ಕೆ ಅವನು ಹೊಣೆಯಲ್ಲ. ಇನ್ನು ಪಕ್ಕದ ಮನೆಯವರು ತಮ್ಮ ಸ್ವಂತ ಕಾರು ಮಾರಿದರೆ? ಅವರು ವ್ಯಾಪಾರಿಯಲ್ಲ, ಗ್ರಾಹಕ ಆಯೋಗದಲ್ಲಿ ಅವರ ಮೇಲೆ ದೂರು ನಿಲ್ಲುವುದು ಕಷ್ಟ. 1872ರ ಕರಾರು ಕಾಯ್ದೆಯ ಪ್ರಕಾರ ಬರೀ ಸುಮ್ಮನಿದ್ದದ್ದು ಸಾಮಾನ್ಯವಾಗಿ ಮೋಸವಾಗುವುದಿಲ್ಲ. ಗೊತ್ತಿದ್ದೂ ಸುಳ್ಳು ಹೇಳಿದರೆ, ದೋಷವನ್ನು ಬೇಕೆಂದೇ ಮುಚ್ಚಿಟ್ಟರೆ ಅದು ಮೋಸ. ಆದ್ದರಿಂದಲೇ ಕೇಳಬೇಕು. 'ಅಪಘಾತ ಆಗಿದೆಯೇ? ಗೇರ್‌ಬಾಕ್ಸ್ ಬಿಚ್ಚಿಸಿದ್ದೀರಾ?' ಎಂದು ಕೇಳದಿದ್ದರೆ ಉತ್ತರವೂ ಇಲ್ಲ, ಹೊಣೆಯೂ ಇಲ್ಲ.

ಕೊಟ್ಟೂರಿನಲ್ಲಿ ನನ್ನ ಗೆಳೆಯರೊಬ್ಬರಿದ್ದಾರೆ, ನಿವೃತ್ತ ಮೇಷ್ಟ್ರು. ತಮ್ಮ ಹಳೇ ಕಾರನ್ನು ಹಗರಿಬೊಮ್ಮನಹಳ್ಳಿಯ ಹುಡುಗನೊಬ್ಬನಿಗೆ ಮಾರುವಾಗ ಬಿಳಿ ಹಾಳೆಯ ಮೇಲೆ ದುಂಡಗೆ ಬರೆದರು: ಕ್ಲಚ್ ಪ್ಲೇಟ್ ಸವೆದಿದೆ, ಎಡಗಡೆ ಮುಂದಿನ ಟೈರ್ ಬದಲಿಸಬೇಕು, ಎಸಿ ಸರಿಯಾಗಿ ತಂಪಾಗುವುದಿಲ್ಲ. ಇಬ್ಬರೂ ಸಹಿ ಹಾಕಿದರು. ಬೆಲೆಯಲ್ಲಿ 20,000 ಇಳಿಯಿತು. ಮಗ ರೇಗಿದ್ದಕ್ಕೆ, 'ಅಲ್ಲೋ, ಅಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿ, ಈಗ ಸುಳ್ಳು ಹೇಳಲೇನು?' ಅಂದರಂತೆ. ಎರಡೇ ವಾರಕ್ಕೆ ಕ್ಲಚ್ ಹೋಯಿತು. ಹುಡುಗ ತಾನೇ ಹಾಕಿಸಿಕೊಂಡ, ತಕರಾರು ತೆಗೆಯಲಿಲ್ಲ. ಕೊಟ್ಟೂರು ಜಾತ್ರೆಗೆ ಬಂದಾಗ ಈಗಲೂ ಮೇಷ್ಟ್ರ ಮನೆಯಲ್ಲೇ ಅವನ ಊಟ.

ಮಾರುವ ಹಿರಿಯರಿಗೂ ಒಂದು ಮಾತು. ಕಾರು ಕೊಟ್ಟ ಮೇಲೆ ನಮೂನೆ 29 ಮತ್ತು 30 ಕೊಟ್ಟು ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಬೆನ್ನುಹತ್ತಿ. ಹೆಸರು ನಿಮ್ಮದೇ ಇದ್ದು ಅಪಘಾತವಾದರೆ ಪರಿಹಾರದ ಹೊಣೆ ನಿಮ್ಮದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕಾರಿನ ಮೇಲೆ ಬ್ಯಾಂಕ್ ಸಾಲವಿದ್ದರೆ ತೀರಿಸಿ, ನಮೂನೆ 35 ಪಡೆದು ಆ ನಮೂದನ್ನು ತೆಗೆಸಿರಬೇಕು.

ಕೊಳ್ಳುವವರು ದುಡ್ಡು ಎಣಿಸುವ ಮೊದಲೇ ತಮ್ಮ ನಂಬಿಕೆಯ ಮೆಕ್ಯಾನಿಕ್‌ಗೆ ಕಾರು ತೋರಿಸಲಿ. ಅವನ ಕೂಲಿ ದಂಡವಲ್ಲ. ವಾರಂಟಿ ಎಂದರೆ ಯಾವ ಭಾಗಕ್ಕೆ, ಎಷ್ಟು ದಿನ, ಎಷ್ಟು ಕಿಲೋಮೀಟರ್, ಬಿಡಿಭಾಗಕ್ಕೋ ಕೂಲಿಗೂ ಸೇರಿಯೋ ಎಂದು ಬರೆಸಿಕೊಳ್ಳಲಿ. ಕ್ಲಚ್, ಬ್ರೇಕ್, ಟೈರ್, ಬ್ಯಾಟರಿಯಂಥ ಸವೆಯುವ ಭಾಗಗಳು ಸಾಮಾನ್ಯವಾಗಿ ವಾರಂಟಿಯೊಳಗೆ ಬರುವುದಿಲ್ಲ. ವ್ಯಾಪಾರಿಯಿಂದ ಮೋಸವಾದರೆ 1915ಕ್ಕೆ ಫೋನ್ ಮಾಡಬಹುದು. 2019ರ ಕಾಯ್ದೆಯಂತೆ, ಕಾರು ಎಲ್ಲಿಯೇ ಕೊಂಡಿರಲಿ, ಎರಡು ವರ್ಷದೊಳಗೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂದೂ ಇಲ್ಲ.

ಮಕ್ಕಳೇ, ನಿಮಗೂ ಇದರಲ್ಲಿ ಒಂದು ಕೆಲಸವಿದೆ. ಇಂಥ ಕಾಗದಗಳಲ್ಲಿ ಮುಖ್ಯವಾದ ಮಾತೆಲ್ಲ ಇರುವೆಯಂಥ ಅಕ್ಷರದಲ್ಲಿರುತ್ತದೆ. ಅಜ್ಜನಿಗೆ ಕನ್ನಡಕ ಹಾಕಿದರೂ ಅದು ಕಾಣುವುದಿಲ್ಲ. ಅಪ್ಪನಿಗೆ ಹೊಸ ಕಾರಿನ ಸಡಗರದಲ್ಲಿ ಓದುವ ತಾಳ್ಮೆ ಇರುವುದಿಲ್ಲ. ಸಹಿ ಹಾಕುವ ಮೊದಲು ಆ ಸಾಲುಗಳನ್ನು ನೀವು ಗಟ್ಟಿಯಾಗಿ ಓದಿ ಹೇಳಿ. ಅರ್ಥವಾಗದ ಕಡೆ ನಿಲ್ಲಿಸಿ, 'ಹಂಗಂದ್ರೇನು?' ಅಂತ ಕೇಳಿ. ದೊಡ್ಡವರು ಸಂಕೋಚಪಟ್ಟು ಕೇಳದ ಪ್ರಶ್ನೆ ಅದು.