ಸೈಲೆನ್ಸರಿನ ಕಪ್ಪು

ಕಪ್ಪೆಂದರೆ ಅಶುಭವೆಂಬ ಭಾವನೆ ನಮ್ಮ ಮನೆಗಳಲ್ಲಿ ಇಂದಿಗೂ ಬೇರೂರಿದೆ. ಮದುವೆಯ ಸೀರೆಗೆ ಕಪ್ಪು ಬೇಡ, ಹೊಸ ಮನೆಯ ಗೋಡೆಗೆ ಕಪ್ಪು ಬೇಡ. ಆದರೆ ಮಗುವಿನ ಕೆನ್ನೆಗೆ ಇಡುವ ದೃಷ್ಟಿಬೊಟ್ಟು ಕಪ್ಪು. ರೊಟ್ಟಿ ಬೇಯಿಸುವ ಹೆಂಚು ಕಪ್ಪು. ನಿತ್ಯವೂ ಅಂಗೈಯಲ್ಲಿರಿಸಿ ಪೂಜಿಸುವ ಇಷ್ಟಲಿಂಗದ ಹೊರಕವಚವೂ ಕಪ್ಪೇ. ಬಣ್ಣದಲ್ಲಿ ಶುಭಾಶುಭಗಳಿಲ್ಲ, ಅದು ಯಾವ ಕಾರ್ಯವನ್ನು ನಿರ್ವಹಿಸುತ್ತಿದೆ ಎಂಬುದಷ್ಟೇ ವಿಚಾರಣೀಯ.

ಈ ಜಿಜ್ಞಾಸೆ ನಮ್ಮ ಮುಂದೆ ಬಂದುದು ಗ್ರಂಥದ ಮೂಲಕವಲ್ಲ, ಒಂದು ಮೋಟಾರು ಬೈಕಿನ ಮೂಲಕ. ಮಾಲೂರಿನಲ್ಲಿ ನಮ್ಮ ತಮ್ಮನ ಮಗನ ಮನೆಯಿದೆ. ಅವನು ಲಿಂಗೈಕ್ಯನಾದ ಮೇಲೆ ಅವನ ಯೆಜ್ಡಿ ಬೈಕು ಮಗನ ಪಾಲಿಗೆ ಬಂದಿತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮೊದಲು ಜಾವಾ, ಅನಂತರ ಯೆಜ್ಡಿ ಎಂಬ ಹೆಸರಿನಲ್ಲಿ ತಯಾರಾದ ವಾಹನಗಳನ್ನು ನಮ್ಮ ಹಿರಿಯ ವಾಚಕರು ಬಲ್ಲರು. 2022ರಲ್ಲಿ ಯೆಜ್ಡಿಯೆಂಬ ಹೆಸರು ಪೇಟೆಗೆ ಮರಳಿತಾದರೂ ಆ ಹಳೆಯ ಟೂ ಸ್ಟ್ರೋಕ್ ಎಂಜಿನ್ ಮರಳಲಿಲ್ಲ. ಅದರ ಎರಡು ಬದಿಗೂ ಕ್ರೋಮ್ ಲೇಪಿಸಿದ, ಮುಖ ಕಾಣುವಷ್ಟು ಹೊಳೆಯುವ ಸೈಲೆನ್ಸರುಗಳಿದ್ದವು.

ಆ ಹೊಳಪು ಈಗ ಸಿಪ್ಪೆಯೆದ್ದು ತುಕ್ಕು ಹಿಡಿದಿತ್ತು. ಮರಳಿ ಕ್ರೋಮ್ ಮಾಡಿಸಲು ಹಣ ಸಾಲದು. ಅಲ್ಲದೆ ಆ ಲೇಪನದಲ್ಲಿ ಬಳಸುತ್ತ ಬಂದಿರುವ ಕ್ರೋಮಿಕ್ ಆಮ್ಲವು ಕೆಲಸಗಾರನ ಶ್ವಾಸಕೋಶಕ್ಕೂ ನೆಲದ ನೀರಿಗೂ ವಿಷ. ಕಪ್ಪು ಬಣ್ಣ ಹಾಕುವುದೆಂದು ಹುಡುಗ ನಿರ್ಧರಿಸಿದ. ತಾಯಿಗೆ ಅದು ಒಪ್ಪಿಗೆಯಾಗಲಿಲ್ಲ. “ಮಾವನವರೇ, ಅವರು ಪ್ರತಿ ಭಾನುವಾರ ಅದನ್ನು ಒರೆಸಿ ಕನ್ನಡಿಯಂತೆ ಇಟ್ಟಿದ್ದರು. ಅವರ ಗಾಡಿಗೆ ಮಸಿ ಬಳಿಯುವುದೇ?” ಎಂದು ಆಕೆ ಕಣ್ಣೀರು ತಂದುಕೊಂಡಳು.

ಅವಳ ದುಃಖ ಬಣ್ಣದ್ದಲ್ಲವೆಂದು ನಾವು ಬಲ್ಲೆವು. ಗಂಡನ ಕೈ ಆಡಿದ ಗುರುತು ಅಳಿಯುತ್ತದೆಂಬ ಅಳುಕು ಅದು. “ಅವನು ಕಾಪಾಡಿದ್ದು ಹೊಳಪನ್ನಲ್ಲ ತಾಯಿ, ಕಬ್ಬಿಣವನ್ನು. ಮಗ ಈಗ ಮಾಡಹೊರಟಿರುವುದೂ ಅದನ್ನೇ. ಮಾಡುವುದಾದರೆ ಕ್ರಮವರಿತು ಮಾಡಲಿ” ಎಂದೆವು.

ಕ್ರಮವರಿಯದಿದ್ದರೆ ಏನಾಗುವುದೆಂಬುದು ಮೊದಲ ಯತ್ನದಲ್ಲೇ ಕಂಡಿತು. ಕಿಟಕಿಯ ಸರಳಿಗೆ ಹಚ್ಚುವ ಸಾಮಾನ್ಯ ಎನಾಮೆಲ್ ಬಣ್ಣವನ್ನು ಅವನು ತುಕ್ಕಿನ ಮೇಲೆಯೇ ಬಳಿದಿದ್ದ. ಎರಡೇ ದಿನದಲ್ಲಿ ಅದು ಹೊಗೆಯಾಡಿ, ಗುಳ್ಳೆಯೆದ್ದು, ಉದುರಿತು. ಎಂಜಿನ್ನಿಗೆ ಹತ್ತಿರವಿರುವ ಕೊಳವೆಯ ಬಿಸಿ ಮುನ್ನೂರು ಡಿಗ್ರಿಯನ್ನು ದಾಟುವುದುಂಟು. ಸಾಮಾನ್ಯ ಬಣ್ಣದ ಅಂಟು ಅದರ ಅರ್ಧದಷ್ಟು ಕಾವಿನಲ್ಲಿಯೇ ಕೆಡತೊಡಗುತ್ತದೆ. ಶಾಖನಿರೋಧಕ ಬಣ್ಣದಲ್ಲಿ ಸಿಲಿಕೋನ್ ಎಂಬ ಬೇರೊಂದು ಅಂಟು ಇರುತ್ತದೆ. ಕಬ್ಬಿಣ, ಮ್ಯಾಂಗನೀಸ್ ಮೊದಲಾದ ಲೋಹಗಳ ಆಕ್ಸೈಡುಗಳು ಅದಕ್ಕೆ ಕಪ್ಪನ್ನು ನೀಡುತ್ತವೆ. ಉತ್ತಮವಾದದ್ದು ಸುಮಾರು 600 ಡಿಗ್ರಿಯವರೆಗೂ ತಾಳುತ್ತದೆ.

ಆದರೆ ಡಬ್ಬಿಯೊಳಗಿನ ಬಣ್ಣಕ್ಕಿಂತ ಅದರ ಕೆಳಗಿನ ಶುದ್ಧಿಯೇ ಮುಖ್ಯ. ಟೂ ಸ್ಟ್ರೋಕ್ ಎಂಜಿನ್ ಪೆಟ್ರೋಲಿನೊಡನೆ ಎಣ್ಣೆಯನ್ನೂ ಸುಡುವುದರಿಂದ ಸೈಲೆನ್ಸರಿನ ಕೀಲುಗಳಲ್ಲಿ ಜಿಡ್ಡು ಜಿನುಗುತ್ತದೆ. ಜಿಡ್ಡಿನ ಮೇಲೆ ಯಾವ ಬಣ್ಣವೂ ನಿಲ್ಲದು. ಹುಡುಗ ಸೈಲೆನ್ಸರುಗಳನ್ನು ಕಳಚಿ, ಒಳಗಿನ ಮಸಿಯನ್ನು ಕೆರೆದು, ತೊಳೆದು ಒಣಗಿಸಿದ. ನುಣುಪಾದ ಕ್ರೋಮ್ ಬಣ್ಣವನ್ನು ಹಿಡಿದುಕೊಳ್ಳದಾದ್ದರಿಂದ ಅದನ್ನು ನೀರು ಹಾಕಿ ಉಪ್ಪುಕಾಗದದಿಂದ ತರಿತರಿಯಾಗುವಂತೆ ಉಜ್ಜಿದ. ಏಳುತ್ತಿದ್ದ ಸಿಪ್ಪೆಯನ್ನು ಪೂರ್ತಿ ತೆಗೆದ. ಮೂಗುಬಾಯಿಗೆ ಮುಸುಕು ಕಟ್ಟಿಕೊಂಡಿದ್ದ. ಕೊನೆಗೆ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ ಮೇಲೆ ಬರಿಗೈಯಿಂದ ಮುಟ್ಟಲಿಲ್ಲ. ಈ ಕೆಲಸಕ್ಕೇ ಮೂರು ದಿನ ಹಿಡಿಯಿತು. ಬಣ್ಣ ಸಿಂಪಡಿಸಲು ಒಂದು ಗಂಟೆಯೂ ಆಗಲಿಲ್ಲ. ದಪ್ಪನಾಗಿ ಒಮ್ಮೆ ಹಾಕದೆ, ತೆಳುವಾಗಿ ಮೂರು ಬಾರಿ ಹಾಕಿದ.

ಬಳಿಕ ಕಾವಿನ ಸಂಸ್ಕಾರ. ಮಾಲೂರು ಇಟ್ಟಿಗೆ ಹೆಂಚುಗಳ ಊರು. ಹಸಿ ಇಟ್ಟಿಗೆಯನ್ನು ನೆರಳಲ್ಲಿ ಒಣಗಿಸದೆ ಒಮ್ಮೆಲೇ ಉರಿಗೆ ಕೊಟ್ಟರೆ ಸೀಳುತ್ತದೆ. ಬೇಯಿಸದೆ ಬಿಟ್ಟರೆ ಮಳೆಗೆ ಕರಗುತ್ತದೆ. ಇದನ್ನು ಅಲ್ಲಿನವರಿಗೆ ಹೇಳಿಕೊಡಬೇಕಿಲ್ಲ. ಈ ಬಣ್ಣದ ಧರ್ಮವೂ ಹಾಗೆಯೇ. ಅದು ಒಣಗಿದ ಮಾತ್ರಕ್ಕೆ ಗಟ್ಟಿಯಾಗದು. ಮಂದವಾದ ಕಾವಿನಿಂದ ಆರಂಭಿಸಿ, ನಡುನಡುವೆ ಆರಲು ಬಿಟ್ಟು, ಹಂತಹಂತವಾಗಿ ಬಿಸಿ ಏರಿಸಿದಾಗಲೇ ಅದು ಲೋಹಕ್ಕೆ ಅಂಟುತ್ತದೆ. ಹುಡುಗ ಬಯಲಿನಲ್ಲಿ ಗಾಡಿ ನಿಲ್ಲಿಸಿ ಹತ್ತು ನಿಮಿಷ ಎಂಜಿನ್ ನಡೆಸಿ ಆರಿಸಿದ. ಪೂರ್ಣ ತಣ್ಣಗಾದ ಮೇಲೆ ಇಪ್ಪತ್ತು ನಿಮಿಷ, ಮತ್ತೆ ಅರ್ಧ ಗಂಟೆ. ಮುಚ್ಚಿದ ಕೋಣೆಯಲ್ಲಿ ಹೀಗೆ ಮಾಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ಅದು ಪ್ರಾಣವನ್ನೇ ತೆಗೆಯಬಲ್ಲದು.

ಬಣ್ಣ ನಿಂತಿತು. ತಾಯಿ ಸೆರಗಿನ ತುದಿಯಿಂದ ಒಮ್ಮೆ ಒರೆಸಿ ನೋಡಿ, “ಅವರೂ ಹೀಗೆಯೇ, ಮುಗಿಯುವವರೆಗೆ ಊಟಕ್ಕೂ ಏಳುತ್ತಿರಲಿಲ್ಲ” ಎಂದಳು. ಹೊಳಪಿನಲ್ಲಿ ಕಾಣದ ಗಂಡನನ್ನು ಅವಳು ಮಗನ ತಾಳ್ಮೆಯಲ್ಲಿ ಕಂಡಳು.

ವಾಚಕರ ಮನೆಯ ತರುಣರಿಗೆ ಮೂರು ಮಾತು ಹೇಳಬೇಕೆನಿಸುತ್ತದೆ. ಮೊದಲನೆಯದು, ಕಪ್ಪಾದ ಸೈಲೆನ್ಸರು ಬಿಸಿಯಾಗಿದ್ದರೂ ತಣ್ಣಗಿರುವಂತೆಯೇ ಕಾಣುತ್ತದೆ. ಮಕ್ಕಳ ಮೀನಖಂಡ ಸುಟ್ಟೀತು, ಎಚ್ಚರ. ಎರಡನೆಯದು, ಬಣ್ಣ ಹಾಕುವ ನೆಪದಲ್ಲಿ ಒಳಗಿನ ಶಬ್ದತಡೆಯನ್ನು ಕಿತ್ತೊಗೆಯಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೈಲೆನ್ಸರು ಕಡ್ಡಾಯ. ರಾತ್ರಿ ಆರ್ಭಟಿಸುತ್ತ ಹೋಗುವ ಗಾಡಿ ರೋಗಿಯ ನಿದ್ರೆಯನ್ನೂ ಹಸುಗೂಸಿನ ನಿದ್ರೆಯನ್ನೂ ಕದಿಯುತ್ತದೆ.

ಮೂರನೆಯದು, ಸೈಲೆನ್ಸರು ಹೊರಗಿನಿಂದ ಮಾತ್ರ ತುಕ್ಕು ಹಿಡಿಯುವುದಿಲ್ಲ. ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು ಒಂದು ಲೀಟರು ನೀರು ಆವಿಯಾಗಿ ಹುಟ್ಟುತ್ತದೆ. ಗಾಡಿ ಚೆನ್ನಾಗಿ ಕಾಯುವ ಮೊದಲೇ ನಿಲ್ಲಿಸಿದರೆ ಆ ಆವಿ ಒಳಗೇ ನೀರಾಗಿ ನಿಂತು ಕಬ್ಬಿಣವನ್ನು ತಿನ್ನುತ್ತದೆ. ಹೊರಗಿನ ಕಪ್ಪು ಎಷ್ಟೇ ಗಟ್ಟಿಯಾಗಿದ್ದರೂ ಇದನ್ನು ತಡೆಯಲಾರದು. ಆಗಾಗ ಸ್ವಲ್ಪ ದೂರ ಓಡಿಸಿ ಒಳಗನ್ನೂ ಒಣಗಿಸಬೇಕು. ಹೊರಗನ್ನು ಕಾಯಲು ಬಣ್ಣವುಂಟು. ಒಳಗನ್ನು ಕಾಯಲು ನಿತ್ಯದ ಎಚ್ಚರವೊಂದೇ ದಾರಿ.