ಬಿಟ್ಟವರ ಕಟ್ಟೆ

ನಮ್ಮ ರನ್ನ ಬೆಳಗಲಿಯ ಸುತ್ತ ಎತ್ತ ನೋಡಿದರೂ ಕಬ್ಬು. ಕಬ್ಬಿನಿಂದ ಬೆಲ್ಲವಾದರೆ ಅದು ಮಹಾಲಿಂಗಪುರದ ಪೇಟೆಗೆ ಹೋಗುತ್ತದೆ, ಸಕ್ಕರೆಯಾದರೆ ದೇಶಕ್ಕೆಲ್ಲ ಹೋಗುತ್ತದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿ ಮಾತ್ರ ಸುಮ್ಮನೆ ಕೂಡುವ ಜಾತಿಯದಲ್ಲ. ಅದು ಹುಳಿ ಬಂದು, ಕುದ್ದು, ಆವಿಯಾಗಿ, ತಣಿದು ಸ್ಪಿರಿಟ್ ಆಗುತ್ತದೆ. ಆಮೇಲೆ ಬಣ್ಣ ಬಳಿದುಕೊಂಡು, ಲೇಬಲ್ ಹಚ್ಚಿಕೊಂಡು, ಹೋದ ಹಾದಿಯಲ್ಲೇ ತಿರುಗಿ ಊರಿಗೆ ಬರುತ್ತದೆ. ಟನ್ನಿನ ಲೆಕ್ಕದಲ್ಲಿ ಮಾರಿದ್ದನ್ನು 180 ಎಂಎಲ್ ಲೆಕ್ಕದಲ್ಲಿ ಕೊಂಡು ಕುಡಿಯುವ ರೈತ ಈ ವ್ಯಾಪಾರದಲ್ಲಿ ಗೆದ್ದದ್ದನ್ನು ನಾನಂತೂ ಕಂಡಿಲ್ಲ.

ಈಗ ಪೆಟ್ರೋಲಿಗೂ ನೂರಕ್ಕೆ 20 ಪಾಲು ಎಥೆನಾಲ್ ಸೇರುತ್ತದೆ, ಅದರಲ್ಲಿ ಅದೇ ಕಬ್ಬಿನದೂ ಇರುತ್ತದೆ. ನಾನು ಕುಡಿಯುವುದನ್ನು ಬಿಟ್ಟ ಕಾಲಕ್ಕೆ ಸರಿಯಾಗಿ ನನ್ನ ಬೈಕು ಶುರು ಮಾಡಿತು. ಪಂಪಿನಲ್ಲಿ ಎದುರಾದ ಹಳೆಯ ದೋಸ್ತ ನನ್ನನ್ನೂ ಗಾಡಿಯನ್ನೂ ನೋಡಿ, "ಚಲೋ ಆತ ಬಿಡಪಾ, ಮನ್ಯಾಗ ಒಬ್ಬರಾದ್ರೂ ಕುಡೀಬೇಕಲ್ಲ" ಎಂದ.

ಕುಡಿಯುವವನಿಗೆ ಊರಲ್ಲಿ ದೊಡ್ಡ ಹೆಸರೇನೂ ಇರುವುದಿಲ್ಲ, ಅಂಥವರು ಓಣಿಗೆ ಹತ್ತು ಮಂದಿ. ಹೆಸರು ಬರುವುದು ಬಿಟ್ಟ ಮೇಲೆ. ಇಷ್ಟು ವರ್ಷ "ಯಾಕ ಕುಡೀತಿ?" ಎಂದು ಕೇಳದ ಜನ, "ಯಾಕ ಬಿಟ್ಟಿ?" ಎಂದು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳತೊಡಗಿದರು. ಸುಮ್ಮನೆ ಬಿಟ್ಟೆ ಎಂದರೆ ನಂಬುವವರಿಲ್ಲ. "ಲಿವರ್ ಏನರ ಬಂದೈತೇನ?" ಎಂದು ದನಿ ಇಳಿಸಿ, ನನ್ನ ಹೊಟ್ಟೆಯ ಬಲಬದಿಯನ್ನೇ ನೋಡುತ್ತಾರೆ. ಇಲ್ಲ ಎಂದರೆ ಅವರಿಗೆ ಸ್ವಲ್ಪ ನಿರಾಸೆ. ಮದುವೆ ಮನೆಗಳಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಇದ್ದೇ ಇರುತ್ತಾರೆ. "ಬೀರ್ ತಗೋರಿ, ಅದೇನ ಕುಡದಂಗಲ್ಲ, ಬಾರ್ಲಿ ನೀರ" ಎನ್ನುತ್ತಾರೆ. ಬಾರ್ಲಿ ನೀರು ಕುಡಿದವರು ಹಂದರದ ಕಂಬ ಹಿಡಿದುಕೊಂಡು ನಿಲ್ಲುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಕೆಲವರದು ರಾಜ್ಯದ ಚಿಂತೆ. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. "ನೀವೆಲ್ಲಾ ಹಿಂಗ ಬಿಟಕೋತ ಹೋದ್ರ ಅಕ್ಕಗೋಳಿಗೆ ಗೃಹಲಕ್ಷ್ಮಿ ಎರಡು ಸಾವಿರ ಎಲ್ಲಿಂದ ಬರಬೇಕ್ರಿ?" ಎಂದು ನಮ್ಮೂರ ಒಬ್ಬ ಗಂಭೀರವಾಗಿ ಕೇಳಿದ. ಹೆಂಡತಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ ಜಮೆ ಆಗಲೆಂದು ತಾನು ಆರು ಸಾವಿರದ ಎಣ್ಣೆ ಕುಡಿಯುವ ತ್ಯಾಗಿ ಅವನು. ಸರ್ಕಾರದ ಕಡೆ ಎರಡೂ ಸಿದ್ಧವಿರುತ್ತವೆ, ಮಾರಾಟಕ್ಕೆ ಒಂದು ಇಲಾಖೆ, ಬೇಡ ಎನ್ನಲು ಮದ್ಯಪಾನ ಸಂಯಮ ಮಂಡಳಿ. 2007ರ ಜುಲೈ 1ರಿಂದ ಸಾರಾಯಿ ಬಂದಾಯಿತು, ನಿಜ. ಸಾರಾಯಿ ಪಾಕೀಟು ಹೋದ ದಾರಿಯಲ್ಲೇ ವಿಸ್ಕಿಯ ಪಾಕೀಟು ಬಂದು ಕೂತಿತು. ಕುಡಿಯುವವನಿಗೆ ಹೆಚ್ಚಿದ್ದು ಖರ್ಚು ಮಾತ್ರ.

ನಮ್ಮೂರಲ್ಲಿ ಏನೇ ತ್ರಾಸು ಬಂದರೂ ರನ್ನನನ್ನು ಕರೆತರುವ ರೂಢಿ. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯಾದವನ ಊರು ಇದು. ಸಾಲಿ ಅರ್ಧಕ್ಕೆ ಬಿಟ್ಟವನೂ ರನ್ನನ ಗದಾಯುದ್ಧದ ಬಗ್ಗೆ ಎರಡು ಮಾತಾಡುತ್ತಾನೆ. ಭೀಮನ ಗರ್ಜನೆ ಕೇಳಿ ಸರೋವರದೊಳಗೆ ಕೂತ ದುರ್ಯೋಧನನ ಮೈ ಬೆವರಿತು ಎಂದು ಮಾಸ್ತರು ಹೇಳಿದಾಗ, ಕವಿಗಳು ಇಷ್ಟು ಹೆಚ್ಚಿಗೆ ಹೇಳುವವರೇ ಎಂದು ನಾವು ಹುಡುಗರು ನಕ್ಕಿದ್ದೆವು. ಬಿಟ್ಟ ಹೊಸತರಲ್ಲಿ ಮಾಗಿಯ ಚಳಿಯಲ್ಲಿ ಬಚ್ಚಲಿನಲ್ಲಿ ನಿಂತು ತಣ್ಣೀರು ಸುರುವಿಕೊಳ್ಳುತ್ತಿದ್ದಾಗಲೂ ಕುತ್ತಿಗೆಯಿಂದ ಬೆವರು ಇಳಿಯಿತು. ಆಗ ತಿಳಿಯಿತು, ರನ್ನ ಹೆಚ್ಚಿಗೆ ಏನೂ ಹೇಳಿಲ್ಲ.

ಅವನ ಕಾವ್ಯದಲ್ಲಿ ನಮ್ಮಂಥವರಿಗೆ ಬೇಕಾದದ್ದು ಇನ್ನೊಂದಿದೆ. ಶರಶಯ್ಯೆಯಲ್ಲಿದ್ದ ಭೀಷ್ಮರು ದುರ್ಯೋಧನನಿಗೆ ಕೊಟ್ಟ ಉಪಾಯ ಏನು? ಇವತ್ತೊಂದು ದಿನ ವೈಶಂಪಾಯನ ಸರೋವರದಲ್ಲಿ ಕಳೆ, ನಾಳೆ ಬಲರಾಮ, ಅಶ್ವತ್ಥಾಮ, ಕೃಪರು ನಿನ್ನ ಕೂಡಿಕೊಳ್ಳುತ್ತಾರೆ. ಒಂದೇ ದಿನ! ಜಗತ್ತಿನಲ್ಲಿ ಕುಡಿತ ಬಿಟ್ಟವರೆಲ್ಲ ಜಪಿಸುವುದು ಇದನ್ನೇ. ಜನ್ಮವಿಡೀ ಬಿಡುತ್ತೇನೆಂದು ಆಣೆ ಮಾಡಿದವನು ಶನಿವಾರದೊಳಗೆ ಬಾರಿನಲ್ಲಿರುತ್ತಾನೆ. ಇವತ್ತೊಂದು ದಿನ ಎಂದವನು ಹೇಗೋ ವರ್ಷ ದಾಟಿರುತ್ತಾನೆ. ಆ ಒಂದು ದಿನವೂ ದುರ್ಯೋಧನನಿಂದ ಆಗಲಿಲ್ಲ. ಅವನನ್ನು ನೀರಿನಿಂದ ಎಬ್ಬಿಸಿದ್ದು ಹಸಿವೆಯಲ್ಲ, ನೀರಡಿಕೆಯಲ್ಲ. ಭೀಮ ದಂಡೆಯ ಮೇಲೆ ನಿಂತು ಹಂಗಿಸಿದ, ಇವನು ಎದ್ದು ಬಂದ.

ಅಂಥ ಭೀಮರು ಸಂಜೆಯಾದರೆ ನಮ್ಮಲ್ಲೂ ನಿಂತಿರುತ್ತಾರೆ. "ಹೇಣ್ತಿಗೆ ಅಂಜಿ ಬಿಟ್ಟಾನಲೇ", "ಗಂಡಸ ಇದ್ರ ಒಂದ ಗುಟುಕ ಹಾಕಿ ತೋರಸು". ಮಾನವಂತ ತಡಕೊಳ್ಳುವುದಿಲ್ಲ, ಎದ್ದು ಬರುತ್ತಾನೆ. ತೊಡೆ ಮುರಿಯುವುದು ಆಮೇಲಿನ ಮಾತು. ಭೀಷ್ಮರ ಉಪಾಯದಲ್ಲಿ ನನಗೆ ಕಂಡ ಕೊರತೆ ಒಂದೇ, ಅವನನ್ನು ಒಬ್ಬನನ್ನೇ ನೀರಿಗೆ ಇಳಿಸಿದ್ದು. ದಂಡೆಯ ಮೇಲೆ ತನ್ನವನೊಬ್ಬ ಕೂತು "ಅಂವ ಒದರಲಿ, ನೀ ಅಲ್ಲೇ ಕೂಡು, ಚಾ ತರತೇನಿ" ಎಂದಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ ಹಾಗಾಗಿದ್ದರೆ ರನ್ನನಿಗೆ ಬರೆಯಲು ಏನೂ ಉಳಿಯುತ್ತಿರಲಿಲ್ಲ, ನಮ್ಮೂರಿಗೆ ಹೆಸರೂ ಬರುತ್ತಿರಲಿಲ್ಲ.

ದಂಡೆಯ ಮೇಲೆ ಕೂಡುವ ಆ ಕೆಲಸ ಈಗ ನಮ್ಮ ಕೆಲವರ ಪಾಲಿಗೆ ಬಂದಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಎಂಟು ದಿನ ಅಲ್ಲೇ ಊಟ, ಅಲ್ಲೇ ವಸ್ತಿ, ಅಲ್ಲೇ ಭಜನೆ. ಕೊನೆಗೆ ಹೊಸ ಅಂಗಿ ತೊಟ್ಟು, ಹೆಂಡತಿಯ ಪಕ್ಕದಲ್ಲಿ ಹೊಸ ಮದುಮಗನ ಹಾಗೆ ನಿಂತು ಫೋಟೋ. ಎಂಟು ದಿನವನ್ನು ಶಿಬಿರ ನೋಡಿಕೊಳ್ಳುತ್ತದೆ. ಒಂಬತ್ತನೆಯ ದಿನ ಸಂಜೆ ಏಳು ಗಂಟೆಯನ್ನು ಯಾರು ನೋಡಿಕೊಳ್ಳಬೇಕು? ಅದಕ್ಕೆಂದೇ ಅವರು ನವಜೀವನ ಸಮಿತಿ ಎಂದು ಮಾಡಿ ಬಿಟ್ಟವರನ್ನು ಕೂಡಿಸುತ್ತಾರೆ. ನಮ್ಮದಕ್ಕೆ ಅಂಥ ಹೆಸರು, ಬೋರ್ಡು ಏನೂ ಇಲ್ಲ. ಚಹಾದಂಗಡಿಯ ಪಕ್ಕದ ಒಂದು ಕಟ್ಟೆ, ಸಂಜೆ ಏಳರಿಂದ ಎಂಟು. ಊರವರು ಅದಕ್ಕೆ ಬಿಟ್ಟವರ ಕಟ್ಟೆ ಎನ್ನುತ್ತಾರೆ. ಹೆಂಡತಿ ಬಿಟ್ಟವರಿರಬೇಕು ಎಂದು ತಿಳಿದು ಹೊಸಬನೊಬ್ಬ ಬಂದು ಕೂತು ಮನಸ್ಸು ಹಗುರ ಮಾಡಿಕೊಂಡು ಹೋದದ್ದೂ ಉಂಟು.

ರನ್ನ ಇಡೀ ಮಹಾಭಾರತದ ಕಥೆಯನ್ನು ಕಡೆಯ ಯುದ್ಧದಲ್ಲಿ ನಿಂತು ಹಿಂದಕ್ಕೆ ತಿರುಗಿ ನೋಡಿ ಹೇಳಿದ. ಅದಕ್ಕೆ ಸಿಂಹಾವಲೋಕನ ಕ್ರಮ ಎನ್ನುತ್ತಾರೆ. ನಮ್ಮ ಕಟ್ಟೆಯ ಸಿಂಹಗಳದೂ ಅದೇ ಕ್ರಮ. ಒಬ್ಬ ಕಬ್ಬಿನ ಬಿಲ್ಲು ಬಂದ ರಾತ್ರಿ ಕೆನಾಲಿನ ದಂಡೆಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ತನ್ನದೇ ಚಪ್ಪಲಿಗೆ "ಯಾರಪಾ ನೀ?" ಎಂದು ಕೇಳಿದವ. ಇನ್ನೊಬ್ಬ ಸಂತೆಗೆ ಆಡು ಮಾರಲು ಹೋಗಿ ಹಗ್ಗ ಮಾತ್ರ ತಿರುಗಿ ತಂದವ. ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ಆಮೇಲೆ ಅವನೇ, "ಆ ಹಗ್ಗ ಇಸಗೊಂಡು ನಮ್ಮ ಹುಡುಗಿ ಆಡ ಎಲ್ಲೈತಿ ಅಂತ ಬಾಗಲದಾಗ ನೋಡಿಕೋತ ನಿಂತಳ್ರಿ" ಎಂದು ಸೇರಿಸುತ್ತಾನೆ. ಅದು ಅವಳ ಆಡು, ಅವಳೇ ಮೇಯಿಸಿದ್ದು. ಚಹಾ ತಣ್ಣಗಾಗುತ್ತದೆ, ಯಾರೋ ಇನ್ನೊಂದು ಸುತ್ತು ಹೇಳುತ್ತಾರೆ.

ಕಟ್ಟೆಯ ಮೇಲೆ ನಾವು ಡಾಕ್ಟರರಾಗುವುದಿಲ್ಲ. ಅದನ್ನು ಕಲಿಸಿದವನು ಒಬ್ಬ ಟ್ರ್ಯಾಕ್ಟರ್ ಡ್ರೈವರ್. ಮುಂಜಾನೆ ಎದ್ದರೆ ಹಲ್ಲುಜ್ಜುವ ಮೊದಲೇ ಬೇಕಿದ್ದ ಮನುಷ್ಯ, ಒಮ್ಮೆಲೇ ಬಿಟ್ಟ. ಮೊದಲ ದಿನ ಚಹಾದ ಗ್ಲಾಸು ಎತ್ತಿದರೆ ಅರ್ಧ ಅಂಗಿಯ ಮೇಲೆ. ಎರಡನೆಯ ರಾತ್ರಿ ಗೋಡೆಯ ತುಂಬ ಇರುವೆ ಹರಿಯುತ್ತಿವೆ ಎಂದು ಚಾದರ ಹಿಡಿದು ಜಾಡಿಸತೊಡಗಿದ. ಗೋಡೆಯ ಮೇಲೆ ಇದ್ದದ್ದು ಕ್ಯಾಲೆಂಡರ್ ಒಂದೇ. ದವಾಖಾನೆಗೆ ಒಯ್ದೆವು. ಡಾಕ್ಟರು ಅವನನ್ನು ಬಿಟ್ಟು ನಮ್ಮನ್ನು ಬೈದರು. ದಿನಾ ಹೆಚ್ಚಿಗೆ ಕುಡಿಯುವವನು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವವೇ ಹೋಗಬಹುದು ಎಂದರು. ಹೀಗಾಗಿ ಈಗ ಮೊದಲು ದವಾಖಾನೆ, ಆಮೇಲೆ ಕಟ್ಟೆ. ಅಪರಾತ್ರಿಯಲ್ಲಿ ಮನಸ್ಸು ಕೈಕೊಟ್ಟರೆ 14416ಕ್ಕೆ ಫೋನು ಹಚ್ಚಲು ಹೇಳುತ್ತೇವೆ. ಸರ್ಕಾರದ ಟೆಲಿ ಮಾನಸ್, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಡ್ರೈವರ್ ಒಂದು ರಾತ್ರಿ ಫೋನು ಹಚ್ಚಿ ತನ್ನ ಸಿಂಹಾವಲೋಕನ ಪೂರ್ತಿ ಮುಗಿಸಿದನಂತೆ. "ಮನ್ಯಾಗ ಯಾರೂ ಇಷ್ಟ ಕೇಳಿರಲಿಲ್ರಿ" ಎಂದ.

ಕದ್ದು ಮದ್ದು ಹಾಕುವುದನ್ನೂ ಬೇಡ ಎನ್ನುತ್ತೇವೆ. ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ ಎಂಬ ಜಾಹೀರಾತು ಗೋಡೆಗಳ ಮೇಲೆ ನೋಡಿರುತ್ತೀರಿ. ಡೈಸಲ್ಫಿರಾಮ್ ಎಂಬ ಗುಳಿಗೆ ಇದೆ. ನುಂಗಿದವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ. ಡಾಕ್ಟರು ತಿಳಿಸಿ ಕೊಟ್ಟರೆ ಅದು ಔಷಧ. ಸಾರಿನಲ್ಲಿ ಕಲಸಿ ಕೊಟ್ಟರೆ ಜೀವಕ್ಕೇ ಅಪಾಯ. ಸಾರಿನ ಮೇಲೆ ಸಂಶಯ ಬಂದ ಗಂಡ ಊಟ ಬಿಟ್ಟನೇ ಹೊರತು ಕುಡಿತ ಬಿಡಲಿಲ್ಲ ಎಂದು ಅಕ್ಕನೊಬ್ಬಳು ನಮ್ಮ ಮುಂದೆ ಹಣೆ ಹಣೆ ಬಡಿದುಕೊಂಡಳು.

ನಮ್ಮ ಜಿಲ್ಲೆಯಲ್ಲೇ ಇಲಕಲ್ಲಿನ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಸ್ವಾಮಿಗಳು ಜೋಳಿಗೆ ಹಿಡಿದರೆ ಜೋಳ ಹಾಕುವುದು, ರೊಕ್ಕ ಹಾಕುವುದು ಪದ್ಧತಿ. ಇವರು ಬೇಡಿದ್ದು ಚಟ. ನಿಮ್ಮ ಕುಡಿತ ಹಾಕಿರಿ, ಬೀಡಿ ಹಾಕಿರಿ ಎಂದು ಓಣಿ ಓಣಿ ತಿರುಗಿದರು. ಅವರ ಹುಟ್ಟಿದ ದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಅವತ್ತು ಸಾಲಿಯ ಮಕ್ಕಳು ಘೋಷಣೆ ಕೂಗುತ್ತ ಬಾರಿನ ಮುಂದೆ ಹಾದುಹೋದರೆ, ಒಳಗಿನವರು ಗೌರವದಿಂದ ಗ್ಲಾಸು ಕೆಳಗಿಟ್ಟು ಮಕ್ಕಳು ದಾಟುವವರೆಗೆ ಕಾಯುತ್ತಾರೆ. ಇರಲಿ. ಮಹಾಂತರು ಕಂಡುಕೊಂಡದ್ದು ದೊಡ್ಡ ಮಾತು. ಚಟ ಬಿಡಬೇಕಾದರೆ ಅದನ್ನು ಇಸಿದುಕೊಳ್ಳುವ ಕೈಯೊಂದು ಎದುರಿಗೆ ಬೇಕು.

ಏಳು ಸಮುದ್ರದಾಚೆ ಅಮೆರಿಕದ ಆಕ್ರನ್ ಎಂಬ ಊರಲ್ಲಿ 1935ರಲ್ಲಿ ಇದೇ ಮಾತಿನ ಇನ್ನೊಂದು ಮಗ್ಗಲು ಕಂಡಿತ್ತು. ಬಿಲ್ ಎಂಬವನು ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ವ್ಯವಹಾರ ಕೆಟ್ಟು ಹೋಟೆಲಿನಲ್ಲಿ ಒಬ್ಬನೇ ಇದ್ದಾಗ ಬಾರು ಕರೆಯತೊಡಗಿತು. ತಡೆಯಲು ಅವನು ಹುಡುಕಿದ್ದು ಡಾಕ್ಟರನ್ನಲ್ಲ, ಪಾದ್ರಿಯನ್ನಲ್ಲ, ಇನ್ನೊಬ್ಬ ಕುಡುಕನನ್ನು. ಫೋನು ಹಚ್ಚಿ ಹಚ್ಚಿ ಕೊನೆಗೆ ಸಿಕ್ಕವನು ಬಾಬ್, ಅವನೂ ಕುಡಿಯುವವನೇ. ವೃತ್ತಿಯಿಂದ ಡಾಕ್ಟರ್ ಆಗಿದ್ದದ್ದು ಆಕಸ್ಮಿಕ. ಬಾಬ್‌ನನ್ನು ಉಳಿಸುವ ನೆಪದಲ್ಲಿ ಬಿಲ್ ಉಳಿದ, ಇಬ್ಬರೂ ಉಳಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹಾಗೆ. ಅವರ ಕೂಟದಲ್ಲೂ ಗುರು ಎಂಬವನಿಲ್ಲ, ಬಿಟ್ಟವರೇ ಬಿಡುವವರಿಗೆ ಜತೆ.

ಕಳೆದುಕೊಂಡದ್ದು ಏನೂ ಇಲ್ಲ ಎಂದರೆ ಸುಳ್ಳಾಗುತ್ತದೆ. ಕೆನಾಲಿನ ದಂಡೆಯ ಹುಣ್ಣಿಮೆ ರಾತ್ರಿಗಳು, ಹಾಳಿಯ ಮೇಲೆ ಹರವಿದ ಶೇಂಗಾ, ಹಸಿ ಉಳ್ಳಾಗಡ್ಡಿ, ಮಿರ್ಚಿ. ನಮ್ಮೊಳಗೊಬ್ಬ ಶ್ರೀಕೃಷ್ಣ ಪಾರಿಜಾತದ ಪದ ಹಾಡುತ್ತಿದ್ದ. ಅವನ ದನಿಗೆ ಸತ್ಯಭಾಮೆಯೇ ಬಂದು ಕಬ್ಬಿನ ಬದುವಿನ ಮೇಲೆ ಮುನಿಸಿಕೊಂಡು ಕೂತಂತೆ ಅನ್ನಿಸುತ್ತಿತ್ತು. ನನ್ನ ನಂತರ ಅವನೂ ಬಿಟ್ಟ, ಕುಡಿತದ ಕೂಡ ಹಾಡನ್ನೂ ಬಿಟ್ಟ. ಕೇಳಿದರೆ, "ಅದು ಎಣ್ಣಿ ಹಾಡತಿತ್ತಪಾ, ನಾ ಅಲ್ಲ" ಎನ್ನುತ್ತಿದ್ದ. ಇವನ ಜೀವ ಉಳಿಯಿತು, ಹಾಡು ಹೋಯಿತಲ್ಲ ಎಂದು ನಾವೆಲ್ಲ ಒಳಗೊಳಗೇ ಮರುಗಿದೆವು. ಒಂದು ಸಂಜೆ ಕಟ್ಟೆಯಲ್ಲಿ ಕಾಡಿ ಬೇಡಿ ಹಾಡಿಸಿದೆವು. ಶುದ್ಧ ಅಪಸ್ವರ. ಚಹಾದಂಗಡಿಯ ಮುದುಕ ಒಲೆ ಉರಿಸುವುದನ್ನು ಬಿಟ್ಟು ಬಂದು, "ಮೊದಲಿಂದ್ಲೂ ಹಿಂಗ ಹಾಡತಿದ್ನಲ್ರೋ, ಈಗ ಕೇಳಸ್ತೇನ ನಿಮಗ?" ಎಂದ. ಹಾಡುವವನೇ ಎಲ್ಲರಿಗಿಂತ ಜೋರಾಗಿ ನಕ್ಕ. ನನಗೆ ನಗುವಿನ ಜತೆ ಸ್ವಲ್ಪ ಸಂಕಟವೂ ಆಯಿತು. ಅಷ್ಟು ಚೆಂದದ ಹಾಡು ಲೋಕದಲ್ಲಿ ಇರಲೇ ಇಲ್ಲ ಎಂದು ತಿಳಿಯುವುದು ಸಣ್ಣ ದುಃಖವಲ್ಲ. ಈಗ ಅವನು ವಾರಕ್ಕೊಮ್ಮೆ ಹಾಡುತ್ತಾನೆ. ನಾವು ಕೇಳುತ್ತೇವೆ. ದೋಸ್ತಿ ಎಂದರೆ ಅಷ್ಟಾದರೂ ಬೇಕಲ್ಲ.

ಎಡವಿದವರೂ ಇದ್ದಾರೆ. ಎರಡು ತಿಂಗಳು ಬಂದು, ಜಾತ್ರೆಯಲ್ಲಿ ಜಾರಿ, ಮುಖ ತಪ್ಪಿಸಿ ಹಿಂದಿನ ಓಣಿಯಿಂದ ತಿರುಗಾಡುವವರು. ಅಂಥವರ ಮನೆಗೆ ನಾವೇ ಹೋಗುತ್ತೇವೆ, ಬುದ್ಧಿ ಹೇಳುವುದಿಲ್ಲ. ಬುದ್ಧಿಮಾತು ಅವರು ಹೆಂಡತಿಯಿಂದ, ಮಾವನಿಂದ, ಪಿಎಸ್ಐ ಸಾಹೇಬರಿಂದ ಸಾಕಷ್ಟು ಕೇಳಿರುತ್ತಾರೆ. "ಇವತ್ತ ಏಳಕ್ಕ ಬಾ" ಎಂದಷ್ಟೇ ಹೇಳಿ ಬರುತ್ತೇವೆ. ಕೆಲವರು ಬರುತ್ತಾರೆ. ಬಾರದವರ ಮನೆಗೆ ಮತ್ತೆ ಹೋಗುತ್ತೇವೆ.

ಮೊನ್ನೆ ಪವರ್‌ಲೂಮ್ ಕೆಲಸಕ್ಕೆ ಬನಹಟ್ಟಿಗೆ ಹೋಗಿ ಬರುವ ಹುಡುಗನೊಬ್ಬ ಬಂದು ಕೈಮುಗಿದು ನಿಂತ. "ಕಾಕಾ, ಬಿಡಬೇಕಂತ ಮಾಡೇನಿ. ನೀವ ನನ್ನ ಕಾಯಬೇಕು."

"ನಿನ್ನ ನಾ ಏನ ಕಾಯೂದೋ ತಮ್ಮಾ" ಎಂದೆ. "ದಿನಾ ಏಳರಿಂದ ಎಂಟರ ತನಕ ನೀ ಬಂದು ನನ್ನ ಕಾಯಿ. ಚಾದ ರೊಕ್ಕ ಮಾತ್ರ ನೀನ ಕೊಡಬೇಕ ನೋಡು, ನಂದು ಈಗ ದುಡಿದದ್ದೆಲ್ಲಾ ಬೈಕ್ ಕುಡೀತೈತಿ."